ಮೂರನೆಯ ‘ಇನ್ನೈದು ನಿಮಿಷ’

ಎರಡನೇ ನಂಬರಿನ ಆಪರೇಷನ್ ಥಿಯೇಟರಿನಲ್ಲಿ ಇಪ್ಪತ್ನಾಲ್ಕು ವರ್ಷ ಡಾಕ್ಟರ ಕೈಗೆ ಸಲಕರಣೆ ಕೊಡುತ್ತ ಬಂದ ಸಿಸ್ಟರ್ ಹುಟ್ಟು ಪುಕ್ಕಲಿ. ಆಗದವರು ಹಬ್ಬಿಸಿದ ಮಾತಲ್ಲ ಇದು, ಹೆತ್ತ ತಾಯಿಯೇ ಇಟ್ಟ ಹೆಸರು. ಚಿಕ್ಕವಳಿದ್ದಾಗ ಮೆಟ್ಟಿಲನ್ನು ಗೋಡೆ ಹಿಡಿದೇ ಇಳಿಯುತ್ತಿದ್ದಳು. ಗುಡುಗಿದರೆ ಕಂಬಳಿಯೊಳಗೆ ಸೇರಿಕೊಳ್ಳುತ್ತಿದ್ದಳು. ಪರೀಕ್ಷೆಗೆ ನಾಲ್ಕು ಪೆನ್ನು ಒಯ್ಯುತ್ತಿದ್ದಳು, ನಾಲ್ಕೂ ಕೈಕೊಟ್ಟರೆ ಏನು ಗತಿ ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದಳು. ಮದುವೆಯಾದ ಮೇಲೂ ಸ್ವಭಾವ ಬದಲಾಗಲಿಲ್ಲ. ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವಳು ವಾಪಸು ಬಂದು ಬೀಗ ಜಗ್ಗಿ ನೋಡದ ದಿನವಿಲ್ಲ. ಶಾಲೆಯ ಬಸ್ಸು ಓಡಿಸುವ ಗಂಡ ತಾಳ್ಮೆಯ ಮನುಷ್ಯ, ಅಷ್ಟು ಹೊತ್ತು ಸುಮ್ಮನೆ ಕಾಯುತ್ತಾನೆ. ಅತ್ತೆಗೆ ಮಾತ್ರ ಇದು ಮುಗಿಯದ ತಮಾಷೆ.

“ದಿನಾ ಹೊಟ್ಟೆ ಕುಯ್ಯೋರ ಪಕ್ಕ ನಿಂತಿರ್ತಾಳೆ ನಮ್ಮ ಸೊಸೆ. ಮನೇಲಿ ಒಂದು ಹಲ್ಲಿ ಕಂಡ್ರೆ ಮಂಚ ಹತ್ತಿ ನನ್ನನ್ನ ಕೂಗ್ತಾಳೆ,” ಎಂದು ಬಂದವರಿಗೆಲ್ಲ ಹೇಳಿ ನಗುತ್ತಾರೆ. ಸೊಸೆಯೂ ನಗುತ್ತಾಳೆ. ಸುಳ್ಳಲ್ಲವಲ್ಲ.

ಇಂಥವಳು ಥಿಯೇಟರಿಗೆ ಬಂದದ್ದಾದರೂ ಹೇಗೆ ಅಂದರೆ, ತಪ್ಪಿಸಿಕೊಳ್ಳಲು ಧೈರ್ಯವಿಲ್ಲದೆ. ತರಬೇತಿಯ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಹಂಚಿದಾಗ, ‘ನನಗೆ ಬೇಡ’ ಎನ್ನಲು ಬಾಯಿ ಬರಲಿಲ್ಲ. ಮೊದಲ ದಿನವೇ ಕಣ್ಣು ಕತ್ತಲಿಟ್ಟು ಬಿದ್ದಳು. ಎಚ್ಚರವಾದಾಗ ಎದುರಿಗೆ ಆ ಕಾಲದ ಹಿರಿಯ ಸಿಸ್ಟರ್, ಎಲ್ಲರೂ ನಡುಗುತ್ತಿದ್ದ ಹೆಂಗಸು, ಸ್ಟೂಲ್ ಎಳೆದುಕೊಂಡು ಕೂತಿದ್ದರು.

“ಹೆದರ್ತೀಯಾ?”

“ಹೂಂ.”

“ಒಳ್ಳೇದಾಯ್ತು. ಹೆದರದೇ ಇರೋ ಹುಡುಗೀರು ಬಟ್ಟೆ ಸರಿಯಾಗಿ ಎಣಿಸಲ್ಲ. ಎದ್ದು ಮುಖ ತೊಳ್ಕೊ.”

ಬಟ್ಟೆ ಅಂದರೆ ರಕ್ತ ಹೀರಲು ಹೊಟ್ಟೆಯೊಳಗೆ ಇಡುವ ಬಿಳಿ ಬಟ್ಟೆ. ಒಳಗೆ ಹೋದಷ್ಟೂ ಹೊರಗೆ ಬರಬೇಕು. ಒಂದು ಒಳಗೇ ಉಳಿಯಿತೋ, ರೋಗಿಯ ಕಥೆ ಮುಗಿಯಿತು. ಉಳಿದವರು ಎರಡು ಸಲ ಎಣಿಸುತ್ತಿದ್ದರೆ ಇವಳು ನಾಲ್ಕು ಸಲ ಎಣಿಸುತ್ತಿದ್ದಳು. ಇಪ್ಪತ್ನಾಲ್ಕು ವರ್ಷದಲ್ಲಿ ಒಂದು ಬಟ್ಟೆ, ಒಂದು ಸೂಜಿ ತಪ್ಪಿದ್ದಿಲ್ಲ. ಥಿಯೇಟರಿನಲ್ಲಿ ಅವಳು ಆಡುತ್ತಿದ್ದ ಮಾತೂ ಇಷ್ಟೇ: “ಲೆಕ್ಕ ಸರಿ ಇದೆ ಸರ್.” ಅದು ಬಿಟ್ಟರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಆ ಸರ್ ಅಂದರೆ ದೊಡ್ಡ ಡಾಕ್ಟರು. ವಯಸ್ಸು ಐವತ್ತಾರು, ಎತ್ತರದ ಆಳು, ಹಲಗೆಯಂಥ ಅಂಗೈ. ಆ ಅಂಗೈ ನೋಡಿದವರು ಇದರಿಂದ ಮರ ಸೀಳಬಹುದು ಅಂದುಕೊಳ್ಳಬೇಕು, ಆದರೆ ಹೊಟ್ಟೆಯೊಳಗೆ ಇಳಿದರೆ ಮಲಗಿದ ಮಗುವಿನ ಹೊದಿಕೆ ಸರಿಪಡಿಸುವಷ್ಟು ಮೆಲ್ಲಗೆ ಓಡಾಡುತ್ತಿತ್ತು. ಅವಳಿಗೆ ಆ ಕೈ ಬಾಯಿಪಾಠ. ಹೆಬ್ಬೆರಳು ಅಗಲವಾಯಿತೆಂದರೆ ಇಕ್ಕಳ ಬೇಕು. ಮಣಿಕಟ್ಟು ತಿರುಗಿತೆಂದರೆ ಸೂಜಿ ಬೇಕು. ಬಾಯಿಬಿಟ್ಟು ಕೇಳುವ ಮೊದಲೇ ಅಂಗೈಯಲ್ಲಿ ಬೇಕಾದದ್ದು ಕೂತಿರುತ್ತಿತ್ತು. ಎಲ್ಲರೂ ಅದನ್ನು ಜಾಣತನ ಅನ್ನುತ್ತಿದ್ದರು. ಅವಳಿಗೆ ಗೊತ್ತಿತ್ತು, ಅದು ಬೈಗುಳದ ಭಯ. ಬೈಸಿಕೊಳ್ಳುವ ಪ್ರಸಂಗವೇ ಬಾರದ ಹಾಗೆ ಮೊದಲೇ ಕೊಟ್ಟುಬಿಡುತ್ತಿದ್ದಳು.

ಹೀಗಿರುವಾಗ ಈ ಥಿಯೇಟರಿಗೂ ಸಣ್ಣ ತೂತಿನ ಕಾಲ ಬಂತು.

ಪಿತ್ತಕೋಶ, ಅಪೆಂಡಿಕ್ಸ್ ಎಲ್ಲ ಬೇರೆ ಡಾಕ್ಟರುಗಳ ಕೈಯಲ್ಲಿ ಎಂದೋ ಸಣ್ಣ ತೂತಿಗೆ ಹೋಗಿದ್ದವು. ಹೊಟ್ಟೆಗೆ ಗಾಳಿ ತುಂಬಿ ಉಬ್ಬಿಸಿ, ಬೆರಳು ತೂರದಷ್ಟು ಚಿಕ್ಕ ನಾಲ್ಕೈದು ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದ ಕಡ್ಡಿಯಂಥ ಸಲಕರಣೆ ಇಳಿಸಿ, ಟೀವಿಯಂಥ ಪರದೆ ನೋಡಿಕೊಂಡು ಮಾಡುವುದು. ಆದರೆ ಮೇದೋಜೀರಕದ ತಂಟೆಗೆ ಯಾರೂ ಹೋಗಿರಲಿಲ್ಲ. ಜಠರದ ಹಿಂದೆ, ಬೆನ್ನಿಗೆ ಅಂಟಿಕೊಂಡು ಅಡಗಿ ಮಲಗಿರುವ ಗ್ರಂಥಿ ಅದು. ನೆನೆದ ಹಿಟ್ಟಿನಂತೆ ಮೆತ್ತಗೆ. ಸ್ವಲ್ಪ ನೋಯಿಸಿದರೆ ಅದರ ರಸ ಸೋರಿ ಸುತ್ತಲಿನದನ್ನೆಲ್ಲ ತಿನ್ನಲು ಶುರುಮಾಡುತ್ತದೆ. ಮಗ್ಗುಲಲ್ಲೇ ಬೆರಳು ದಪ್ಪದ ರಕ್ತನಾಳಗಳು. ಹೊಟ್ಟೆ ಪೂರ್ತಿ ತೆರೆದು ಎರಡೂ ಕೈ ಇಳಿಸಿದಾಗಲೂ ದೊಡ್ಡ ದೊಡ್ಡವರ ಬೆವರಿಳಿಸಿದ ಜಾಗ. ಅದನ್ನು ಕಡ್ಡಿಯಲ್ಲಿ ಮುಟ್ಟುವುದೇ?

ಮುಟ್ಟುವ ಕಾಲವೂ ಬಂತು. ಬೇರೆ ಆಸ್ಪತ್ರೆಗಳಲ್ಲಿ ಮಾಡುತ್ತಿದ್ದಾರೆ ಎಂಬ ಸುದ್ದಿ ಬಂತು. ರೋಗಿಗಳೇ “ತೂತು ಹಾಕಿ ಮಾಡಲ್ವಾ ಡಾಕ್ಟ್ರೇ?” ಎಂದು ಕೇಳಿ ಎದ್ದು ಹೋಗತೊಡಗಿದರು. ದೊಡ್ಡ ಡಾಕ್ಟರ ಬಳಿಯೇ ಕಲಿತು ಹೊರಗೆ ಹೋಗಿದ್ದ ಸಣ್ಣ ಡಾಕ್ಟರು ಹೊಸ ವಿದ್ಯೆ ಕಲಿತು ವಾಪಸಾದರು. ಗುರುವಿಗೆ ಶಿಷ್ಯನೇ ಗುರುವಾಗಬೇಕಾಯಿತು. ದೊಡ್ಡ ಡಾಕ್ಟರು ತಮ್ಮ ಕೋಣೆಯಲ್ಲಿ ರಟ್ಟಿನ ಡಬ್ಬಕ್ಕೆ ತೂತು ಕೊರೆದು, ಒಳಗೆ ಮೊಬೈಲಿಟ್ಟು, ಕಡ್ಡಿಗಳಿಂದ ಬಟಾಣಿ ಹೆಕ್ಕುವುದನ್ನು ಸಿಸ್ಟರ್ ಬಾಗಿಲ ಸಂದಿಯಿಂದ ನೋಡಿದಳು. ಅಷ್ಟು ದೊಡ್ಡ ಮನುಷ್ಯ ಜಾರಿದ ಬಟಾಣಿಯನ್ನು ಬೈಯುತ್ತಿದ್ದರು. ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ, ಸದ್ದಾಗದಂತೆ ಬಾಗಿಲು ಮುಂದೆ ಮಾಡಿದಳು.

ಮೊದಲ ಹತ್ತು ಆಪರೇಷನ್ನಿಗೆ ಹೊರಗಿನಿಂದ ಒಬ್ಬ ಪಳಗಿದ ಡಾಕ್ಟರು ಬಂದು ಪಕ್ಕದಲ್ಲಿ ನಿಂತರು. ಹತ್ತೂ ಸಸೂತ್ರವಾದವು. ಬೀಳ್ಕೊಡುವಾಗ ಅವರು ಹೇಳಿದ ಮಾತು ಒಂದೇ: “ಕಷ್ಟ ಅನ್ನಿಸಿದ ತಕ್ಷಣ ಹೊಟ್ಟೆ ತೆರೀರಿ. ತೆರೆಯೋದು ಸೋಲಲ್ಲ.” ಎಲ್ಲರೂ ತಲೆಯಾಡಿಸಿದರು. ಆದರೆ ಡಾಕ್ಟರುಗಳು ಚಹಾ ಕುಡಿಯುವ ಕೋಣೆಯಲ್ಲಿ ಒಂದು ಬಿಳಿ ಹಲಗೆ ನೇತುಹಾಕಿದ್ದರು. ಯಾರು ಶುರುಮಾಡಿದರೋ ಯಾರಿಗೂ ಗೊತ್ತಿಲ್ಲ. ಸಣ್ಣ ತೂತಿನಲ್ಲೇ ಮುಗಿದರೆ ಹಸಿರು ಚುಕ್ಕೆ, ನಡುವೆ ಹೊಟ್ಟೆ ತೆರೆದರೆ ಕೆಂಪು ಚುಕ್ಕೆ. ಬಾಯಲ್ಲಿ ಒಂದು, ಹಲಗೆಯ ಮೇಲೆ ಇನ್ನೊಂದು.

ಸಿಸ್ಟರಿಗೆ ದಿಗಿಲಾದದ್ದು ಬೇರೆ ಕಾರಣಕ್ಕೆ. ಅವಳಿಗೆ ಆ ಕೈ ಕಳೆದುಹೋಗಿತ್ತು. ದೊಡ್ಡ ಡಾಕ್ಟರ ಬೆರಳುಗಳೀಗ ಹಿಡಿಕೆಯ ಬಳೆಗಳೊಳಗೆ ಸಿಕ್ಕಿಕೊಂಡು ಹೊಟ್ಟೆಯಿಂದ ಒಂದು ಮೊಳ ದೂರದಲ್ಲಿ ಇರುತ್ತಿದ್ದವು. ಹೆಬ್ಬೆರಳು ಏನನ್ನೂ ಹೇಳುತ್ತಿರಲಿಲ್ಲ. ಕಣ್ಣು ಪರದೆಯಲ್ಲಿ ನೆಟ್ಟಿರುತ್ತಿತ್ತು. ಈಗ ಅವರು ಬಾಯಿಬಿಟ್ಟು ಕೇಳಬೇಕು, ಇವಳು ಕೇಳಿದ್ದನ್ನು ಕೊಡಬೇಕು. ದಿನಾ ನಡೆದ ದಾರಿಯಲ್ಲಿ ಯಾರೋ ಕಣ್ಣು ಕಟ್ಟಿ ಬಿಟ್ಟಂತಾಗಿತ್ತು ಅವಳಿಗೆ.

ಹೊರಗಿನವರು ಹೋದ ಮೇಲೆ ಎರಡನೆಯ ರೋಗಿ ಒಬ್ಬ ಶಾಲಾ ಶಿಕ್ಷಕಿ. ಅಂದು ಗ್ರಂಥಿಯಲ್ಲಿ ಬೆಳೆದಿದ್ದ ಗಂಟು ರಕ್ತನಾಳಕ್ಕೆ ಅಂಟಿಕೊಂಡಿತ್ತು. “ಇನ್ನೈದು ನಿಮಿಷ,” ಅಂದರು ದೊಡ್ಡ ಡಾಕ್ಟರು. ಐದು ನಿಮಿಷದ ಮೇಲೆ ಮತ್ತೆ “ಇನ್ನೈದು ನಿಮಿಷ.” ಹೀಗೆ ಎಂಟು ಸಲ ಅಂದರು. ಸಿಸ್ಟರ್ ಎಣಿಸಿದ್ದಳು, ಎಣಿಸುವುದು ಅವಳ ರೋಗ. ಕೊನೆಗೂ ಸಣ್ಣ ತೂತಿನಲ್ಲೇ ಮುಗಿಯಿತು. ಹಲಗೆಯ ಮೇಲೆ ಹಸಿರು ಚುಕ್ಕೆ ಬಿತ್ತು. ಆ ಹೆಂಗಸು ಮೂವತ್ತೊಂದು ದಿನ ತೀವ್ರ ನಿಗಾ ಘಟಕದಲ್ಲಿ ಸಾವಿನ ಬಾಗಿಲು ತಟ್ಟಿ, ಕಡ್ಡಿಯಂತಾಗಿ ಮನೆಗೆ ಹೋದಳು. ಹಸಿರು ಚುಕ್ಕೆ ಹಾಗೇ ಇತ್ತು.

ಅದಾದ ವಾರ ಸಲಕರಣೆ ತೊಳೆಯುವ ಕೋಣೆಗೆ ದೊಡ್ಡ ಡಾಕ್ಟರು ಬಂದರು. ಅವರು ಆ ಕೋಣೆಗೆ ಕಾಲಿಟ್ಟದ್ದೇ ಮೊದಲು. ಸಿಸ್ಟರಿನ ಕೈಯಲ್ಲಿದ್ದ ಇಕ್ಕಳ ತೊಟ್ಟಿಯೊಳಗೆ ಜಾರಿತು.

“ಸಿಸ್ಟರ್, ಆ ಪರದೆಗೆ ನನ್ನ ಕಣ್ಣು ಅಂಟ್ಕೊಂಡುಬಿಡುತ್ತೆ. ಗಡಿಯಾರ ಕಾಣಿಸಲ್ಲ, ಯಾರು ಏನು ಹೇಳಿದ್ರೂ ಕೇಳಿಸಲ್ಲ. ಇನ್ನೇನು ಬಂತು, ಇನ್ನೇನು ಬಂತು ಅನ್ಸುತ್ತೆ.” ಅವರು ನಲ್ಲಿಯನ್ನು ನೋಡುತ್ತ ಮಾತಾಡುತ್ತಿದ್ದರು. “ಇನ್ಮೇಲೆ ಹೀಗೆ ಮಾಡಿ. ನಾನು ‘ಇನ್ನೈದು ನಿಮಿಷ’ ಅಂತ ಎರಡು ಸಲ ಅಂದ್ರೆ ಬಿಡಿ. ಮೂರನೇ ಸಲ ಅಂದ್ರೆ ಏನೂ ಮಾತಾಡ್ಬೇಡಿ, ನೀವು ಹೇಗೂ ಮಾತಾಡಲ್ಲ. ದೊಡ್ಡ ನೈಫ್ ತಂದು ನನ್ನ ಕೈಲಿಟ್ಟುಬಿಡಿ.”

“ನಾನಾ ಸರ್?”

“ನೀವೇ. ಬೇರೆ ಯಾರಾದ್ರೂ ಹೇಳಿದ್ರೆ ನಾನು ವಾದ ಮಾಡ್ತೀನಿ. ಕೈಗೆ ಬಂದದ್ದರ ಜೊತೆ ನಾನು ಯಾವತ್ತೂ ವಾದ ಮಾಡಿಲ್ಲ.”

ಅವರು ಹೋದರು. ಅವಳು ತೊಟ್ಟಿಯ ಅಂಚು ಹಿಡಿದು ನಿಂತಳು. ‘ಆಗಲ್ಲ ಸರ್’ ಅನ್ನಬೇಕಿತ್ತು. ತಾನು ಯಾರು ಅಂಥಾ ಕೆಲಸಕ್ಕೆ? ಬೀಗ ಹಾಕಿದ್ದೇನೋ ಇಲ್ಲವೋ ಎಂದು ತಿಳಿಯದವಳು, ಮನುಷ್ಯನ ಹೊಟ್ಟೆ ಯಾವಾಗ ತೆರೆಯಬೇಕೆಂದು ತೀರ್ಮಾನಿಸುವುದೇ? ಆದರೆ ಬೇಡ ಎನ್ನುವುದಕ್ಕೂ ಧೈರ್ಯ ಬೇಕಲ್ಲ. ಅಂದಿನಿಂದ ಪ್ರತಿ ಆಪರೇಷನ್ನಿನಲ್ಲೂ ತನ್ನ ಮೇಜಿನ ಬಲ ಮೂಲೆಯಲ್ಲಿ ಮಡಿಸಿದ ಹಸಿರು ಬಟ್ಟೆಯ ಕೆಳಗೆ ಒಂದು ದೊಡ್ಡ ಚಾಕು ಇಟ್ಟುಕೊಂಡಳು. ಮುಂದಿನ ನಾಲ್ಕು ಆಪರೇಷನ್ನಿನಲ್ಲಿ ಮಾತು ಎರಡನೇ ಸಲ ದಾಟಲಿಲ್ಲ. ಐದನೆಯವನು ದರ್ಜಿ.

ದರ್ಜಿ ಎಂದರೆ ಹೊರಗಿನವನಲ್ಲ. ಬಟ್ಟೆ ಒಗೆಯುವ ಕೋಣೆಯ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಹತ್ತೊಂಬತ್ತು ವರ್ಷದಿಂದ ಆಸ್ಪತ್ರೆಯ ಬಟ್ಟೆ ಹೊಲಿಯುವವನು. ರೋಗಿಗೆ ಹೊದಿಸುವ ಹಸಿರು ಹೊದಿಕೆ, ಕುಯ್ಯುವ ಜಾಗಕ್ಕೆಂದು ಅದರ ನಡುವೆ ಬಿಡುವ ಕಿಟಕಿ, ಎಲ್ಲ ಅವನ ಕೈಕೆಲಸ. ಹೊಸ ಪದ್ಧತಿ ಬಂದಾಗ ಮೊದಲು ಗೊಣಗಿದವನೂ ಅವನೇ. “ಇಷ್ಟು ವರ್ಷ ಉದ್ದ ಕಿಟಕಿ ಹೊಲಿಸಿದ್ರಿ, ಈಗ ಅಗಲ ಮಾಡು ಅಂತೀರಿ. ತೂತು ಚಿಕ್ಕದಾದ್ರೆ ಕಿಟಕಿ ಯಾಕಪ್ಪಾ ದೊಡ್ಡದಾಗ್ಬೇಕು?” ಅವನ ಗ್ರಂಥಿಯ ತುದಿಯಲ್ಲಿ, ಡಾಕ್ಟರುಗಳು ಬಾಲ ಎನ್ನುವ ಕಡೆ, ಗಂಟು ಕಾಣಿಸಿತು. “ನನಗೆ ಬಾಲ ಇದೆ ಅಂತ ನಮ್ಮವಳು ಮೊದಲಿಂದ ಹೇಳ್ತಿದ್ಲು. ಈಗ ಸ್ಕ್ಯಾನಲ್ಲೂ ಬಂತು,” ಎಂದು ನಗಿಸಿದ. ಆದರೆ ಅಳತೆಪಟ್ಟಿ ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದ.

“ಸಿಸ್ಟರಮ್ಮ, ನೀವು ದಿನಾ ನೋಡೋರು. ದೊಡ್ಡದಾ, ಸಣ್ಣದಾ? ನೀವು ಹೇಳಿದ ಹಾಗೆ ಒಪ್ಪಿಗೆ ಬರ್ಕೊಡ್ತೀನಿ.”

ಆ ಶಿಕ್ಷಕಿ ಅವಳ ಕಣ್ಣ ಮುಂದೆ ಬಂದಳು. ಆದರೆ ಉಳಿದವರೂ ಬಂದರು. ಆರನೇ ದಿನಕ್ಕೆ ಎದ್ದು ನಡೆದುಕೊಂಡು ಹೋದವರು, ಕೆಮ್ಮಿದರೆ ಹೊಟ್ಟೆ ಹಿಡಿದುಕೊಳ್ಳದವರು. ಈ ಮನುಷ್ಯ ಯಂತ್ರದ ಮುಂದೆ ಬಗ್ಗಿ ಕೂರಬೇಕಾದವನು. ಹೊಟ್ಟೆಯುದ್ದಕ್ಕೂ ಕುಯ್ದರೆ ತಿಂಗಳುಗಟ್ಟಲೆ ಆಗುವ ಮಾತಲ್ಲ. ಅಲ್ಲದೆ ದೊಡ್ಡ ಡಾಕ್ಟರ ಸಿಸ್ಟರೇ ಸಣ್ಣದು ಬೇಡ ಅಂದಳು ಎಂದು ಸುದ್ದಿಯಾದರೆ?

“ಸಣ್ಣದೇ ಮಾಡಿಸ್ಕೊಳ್ಳಿ ಮಾಸ್ಟ್ರೇ,” ಅಂದಳು.

“ನೀವಿರ್ತೀರಲ್ಲ?”

“ಇರ್ತೀನಿ.”

ಹೇಳಿ ಹೊರಗೆ ಬಂದವಳಿಗೆ ಮೆಟ್ಟಿಲು ಇಳಿಯುವಾಗ ಗೋಡೆ ಬೇಕಾಯಿತು. ಅಂದಿನಿಂದ ಅವಳ ನಿದ್ದೆ ಹಾರಿತು. ಅನ್ನ ರುಚಿಸಲಿಲ್ಲ. “ಏನಾಯ್ತೇ? ಹಲ್ಲಿ ಬಂತಾ?” ಎಂದರು ಅತ್ತೆ. ಸೊಸೆ ನಗದಿದ್ದಾಗ ಅವರೂ ನಗು ನಿಲ್ಲಿಸಿ, ತಟ್ಟೆಯನ್ನು ಅವಳ ಹತ್ತಿರಕ್ಕೆ ಸರಿಸಿದರು.

ಆಪರೇಷನ್ನಿನ ಬೆಳಗ್ಗೆ ಥಿಯೇಟರಿಗೆ ಬಂದಾಗ ಇನ್ನೊಂದು ಗ್ರಹಚಾರ ಕಾದಿತ್ತು. ಹೊಸ ಪದ್ಧತಿ ಕಲಿಯಲು ಬೇರೆ ಆಸ್ಪತ್ರೆಗಳ ನಲವತ್ತು ಡಾಕ್ಟರುಗಳು ಬಂದು ಮೇಲಿನ ಸಭಾಂಗಣದಲ್ಲಿ ಕೂತಿದ್ದರು. ಒಳಗೆ ನಡೆಯುವುದೆಲ್ಲ ಅಲ್ಲಿ ದೊಡ್ಡ ತೆರೆಯ ಮೇಲೆ ಕಾಣುತ್ತದೆ. ದೊಡ್ಡ ಡಾಕ್ಟರ ಕೊರಳಿನ ಬಳಿ ಪುಟ್ಟ ಮೈಕು. ಅವರು ಅಂದದ್ದು, ಅವರ ಪಕ್ಕದವರು ಅಂದದ್ದು, ಎಲ್ಲ ಮೇಲೆ ಕೇಳುತ್ತದೆ. ಒಂದು ತಿಂಗಳ ಹಿಂದೆಯೇ ನಿಗದಿಯಾದ ದಿನ ಇದು, ದರ್ಜಿಯ ಸರದಿ ಇವತ್ತೇ ಬಿದ್ದಿತ್ತು ಅಷ್ಟೆ.

ಮಂಪರು ಹತ್ತುವ ಮೊದಲು ದರ್ಜಿ ತಲೆ ಹೊರಳಿಸಿ ಅವಳನ್ನು ಹುಡುಕಿದ. ಮುಖಗವಸಿನ ಮೇಲಿನ ಕಣ್ಣಿನಿಂದಲೇ ಗುರುತು ಹಿಡಿದ. ಮೈಮೇಲೆ ಹೊದಿಸಿದ್ದ ಹಸಿರು ಬಟ್ಟೆಯ ಅಂಚನ್ನು ಬೆರಳಲ್ಲಿ ತಿಕ್ಕಿ, “ಇದು ನಂದೇ ಹೊಲಿಗೆ,” ಅಂದ. ಆಮೇಲೆ ಕಣ್ಣು ಮುಚ್ಚಿತು.

ಮೊದಲ ಒಂದೂವರೆ ಗಂಟೆ ಹೂವೆತ್ತಿದ ಹಾಗೆ ನಡೆಯಿತು. ಹೊಟ್ಟೆ ಉಬ್ಬಿತು, ಐದು ತೂತು, ಪರದೆಯ ಮೇಲೆ ಒಳಗಿನ ಲೋಕ ಹೊಳೆಯಿತು. ಸಣ್ಣ ಡಾಕ್ಟರು ಕ್ಯಾಮೆರಾ ಹಿಡಿದಿದ್ದರು. ದೊಡ್ಡ ಡಾಕ್ಟರು ಮೇಲಿನವರಿಗೆ ವಿವರಿಸುತ್ತ, ನಡುನಡುವೆ ತಮಾಷೆ ಮಾಡುತ್ತ ಗ್ರಂಥಿಯನ್ನು ಬಿಡಿಸುತ್ತ ಹೋದರು. ಗಂಟಿನ ಹತ್ತಿರ ಬಂದಾಗ ತಮಾಷೆ ನಿಂತಿತು. ನಾಳ ಗಂಟಿಗೆ ಅಂಟಿಕೊಂಡಿತ್ತು. ಶಿಕ್ಷಕಿಯದ್ದರ ಹಾಗೇ.

“ಇನ್ನೈದು ನಿಮಿಷ,” ಅಂದರು.

ಒಂದು, ಎಂದು ಸಿಸ್ಟರ್ ಎಣಿಸಿದಳು.

ಕಡ್ಡಿಯ ತುದಿ ನಾಳವನ್ನೂ ಗಂಟನ್ನೂ ಬೇರ್ಪಡಿಸಲು ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು. ಪರದೆಯ ಕೆಳಮೂಲೆಯಿಂದ ಕಡುಗೆಂಪು ಮೆಲ್ಲಗೆ ತುಂಬಿಕೊಳ್ಳತೊಡಗಿತು. ಹೀರುವ ಕೊಳವೆ ಇಳಿಸಿದರು. ತಿಳಿಯಾಯಿತು, ಮತ್ತೆ ತುಂಬಿತು.

“ಸ್ವಲ್ಪ ಜಿನುಗ್ತಾ ಇದೆ, ಅಷ್ಟೇ. ಇನ್ನೈದು ನಿಮಿಷ.”

ಎರಡು.

“ಬಿಪಿ ನೂರು,” ಎಂದರು ತಲೆಯ ಕಡೆ ಕೂತಿದ್ದ ಅರಿವಳಿಕೆಯ ಡಾಕ್ಟರಮ್ಮ. ಸ್ವಲ್ಪ ಹೊತ್ತಿನ ಮೇಲೆ, “ತೊಂಬತ್ತು.”

ಸಿಸ್ಟರ್ ಗಡಿಯಾರ ನೋಡಿದಳು. ಮೂರನೇ ಮಾತಿಗೆ ಮೈಯೆಲ್ಲ ಕಿವಿಯಾಗಿ ನಿಂತಳು. ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದಳೋ, ಬೇಗ ಬರಲಿ ಎಂದೋ, ಅವಳಿಗೇ ತಿಳಿಯದು. ಗಡಿಯಾರದ ಮುಳ್ಳು ಐದು ನಿಮಿಷ ದಾಟಿತು. ಆರಾಯಿತು. ಏಳಾಯಿತು.

ದೊಡ್ಡ ಡಾಕ್ಟರು ಮೂರನೇ ಸಲ ಆ ಮಾತು ಆಡಲಿಲ್ಲ.

“ಬಂತು, ಬಂತು,” ಅಂದರು. “ಆಯ್ತು, ಇಷ್ಟೇ.” ಪರದೆ ಮತ್ತೆ ಕೆಂಪಾಯಿತು. “ಹಾಂ, ಬಂತು.”

ಇದಕ್ಕೆ ಏನರ್ಥ? ಆ ಮಾತನ್ನು ಮರೆತರೇ? ನಲವತ್ತು ಜನ ಮೇಲೆ ಕೂತಿದ್ದಾರೆಂದು ಬೇಕೆಂದೇ ನುಂಗಿಕೊಂಡರೇ? ಮೂರನೇ ಸಲ ಅಂದರೆ ಕೊಡಿ ಅಂದಿದ್ದರು, ಅಂದಿಲ್ಲವಲ್ಲ. ಅನ್ನದಿದ್ದರೆ ತಾನು ಕೊಡಬೇಕಾಗಿಲ್ಲ. ತಪ್ಪು ತನ್ನದಾಗುವುದಿಲ್ಲ. ಕೊಟ್ಟು, ಅದು ಬೇಡದ್ದಾಗಿದ್ದರೆ? ಇನ್ನೆರಡು ನಿಮಿಷದಲ್ಲಿ ಸಣ್ಣ ತೂತಿನಲ್ಲೇ ಮುಗಿಯುವಂಥದ್ದಾಗಿದ್ದರೆ? ಒಬ್ಬ ಬಡಪಾಯಿಯ ಹೊಟ್ಟೆ ಸೀಳಿಸಿದ ಪಾಪ, ನಲವತ್ತು ಜನರ ಮುಂದೆ ದೊಡ್ಡವರ ಮಾನ ಕಳೆದ ಪಾಪ. ಸಣ್ಣದೇ ಮಾಡಿಸ್ಕೊಳ್ಳಿ ಎಂದವಳೂ ತಾನೇ.

“ಎಂಬತ್ತು,” ಎಂದರು ಡಾಕ್ಟರಮ್ಮ. ಈ ಸಲ ದನಿ ಬೇರೆಯಾಗಿತ್ತು. “ಸರ್, ಎಂಬತ್ತು.”

“ಬಂತು,” ಎಂದರು ದೊಡ್ಡ ಡಾಕ್ಟರು ಪರದೆಗೆ.

ನೋಡಲಾರದೆ ಸಿಸ್ಟರ್ ತಲೆ ತಗ್ಗಿಸಿದಳು. ತಗ್ಗಿಸಿದ್ದಕ್ಕೆ ಕಾಲು ಕಂಡಿತು. ದೊಡ್ಡ ಡಾಕ್ಟರ ಬಲಗಾಲು ರಕ್ತನಾಳ ಸುಡುವ ಯಂತ್ರದ ಪೆಡಲಿನ ಮೇಲಿತ್ತು. ಎಡಗಾಲಿನ ಹಿಮ್ಮಡಿ ನೆಲ ಬಿಟ್ಟು ಮೇಲೆದ್ದಿತ್ತು. ಇಪ್ಪತ್ನಾಲ್ಕು ವರ್ಷದಲ್ಲಿ ಆ ಹಿಮ್ಮಡಿ ಎದ್ದದ್ದನ್ನು ಅವಳು ಮೂರು ಸಲ ನೋಡಿದ್ದಳು. ಮೂರು ಸಲವೂ ಕೈ ಎಷ್ಟು ನಿಧಾನವಾಗಿದ್ದರೂ ಆ ಮನುಷ್ಯ ಒಳಗೆ ಜೀವ ಹಿಡಿದುಕೊಂಡು ನಿಂತಿದ್ದರು. ಕೈ ಕಳೆದುಹೋಗಿತ್ತು, ಕಾಲು ಅಲ್ಲೇ ಇತ್ತು. ಇವರು ನನ್ನಷ್ಟೇ ಹೆದರಿದ್ದಾರೆ ಎಂದು ಅವಳಿಗೆ ತಿಳಿಯಿತು. ತಿಳಿದ ಕ್ಷಣ ಧೈರ್ಯವೇನೂ ಬರಲಿಲ್ಲ. ಭಯ ಇಮ್ಮಡಿಯಾಯಿತು.

ಆ ಭಯದಲ್ಲೇ ಅವಳ ಕೈ ಹಸಿರು ಬಟ್ಟೆಯ ಕೆಳಗೆ ಹೋಗಿ ಒಂದು ಗಳಿಗೆ ತಡಕಾಡಿತು. ಚಾಕು ಗಡಗಡ ನಡುಗುತ್ತ ಹೊರಬಂತು. ಅವರ ಬಲಗೈ ಹಿಡಿಕೆಯನ್ನು ಬಿಟ್ಟು ಕೊಳವೆಗೆ ಚಾಚಿದ ಗಳಿಗೆ, ಆ ತೆರೆದ ಅಂಗೈಯಲ್ಲಿ ಅವಳು ಚಾಕುವಿನ ಹಿಡಿ ಇಟ್ಟುಬಿಟ್ಟಳು.

ಕೈ ನಿಂತಿತು. ಥಿಯೇಟರು ನಿಂತಿತು. ದೊಡ್ಡ ಡಾಕ್ಟರು ಪರದೆಯಿಂದ ಕಣ್ಣು ಕಿತ್ತು ಅಂಗೈ ನೋಡಿದರು.

“ಇದನ್ನ ಯಾರು ಕೇಳಿದ್ರು?”

ದನಿ ಸಿಡಿಲಿನ ಹಾಗಿತ್ತು. ಮೇಲೆ ನಲವತ್ತು ಜನಕ್ಕೂ ಕೇಳಿತು. ಅವಳ ಕಣ್ಣು ಕತ್ತಲಿಟ್ಟಿತು, ತರಬೇತಿಯ ಮೊದಲ ದಿನದ ಹಾಗೇ. ಬೀಳಲಿಲ್ಲ. ಇಪ್ಪತ್ನಾಲ್ಕು ವರ್ಷ ಲೆಕ್ಕ ಬಿಟ್ಟು ಬೇರೇನೂ ಆಡದ ಬಾಯಿ ತೆರೆಯಿತು.

“ನೀವೇ ಕೇಳಿದ್ರಿ ಸರ್.”

ಅವರು ಅವಳನ್ನು ನೋಡಿದರು. ಎಡ ಹಿಮ್ಮಡಿ ನೆಲಕ್ಕೆ ಇಳಿಯಿತು.

“ಗಾಳಿ ಹೊರಗೆ ಬಿಡಿ. ತೆರೀತಾ ಇದ್ದೀನಿ,” ಅಂದರು.

ಆಮೇಲಿನ ಕೆಲಸದಲ್ಲಿ ಅವಳಿಗೆ ಯೋಚಿಸಲು ಪುರುಸೊತ್ತಿರಲಿಲ್ಲ. ಹೊಟ್ಟೆ ತೆರೆಯಿತು, ರಕ್ತ ಉಕ್ಕಿತು, ಹಲಗೆಯಂಥ ಆ ಕೈ ಒಳಗಿಳಿದು ನಾಳವನ್ನು ಎರಡು ಬೆರಳ ನಡುವೆ ಒತ್ತಿ ಹಿಡಿಯಿತು. ಹೆಬ್ಬೆರಳು ಅಗಲವಾಯಿತು, ಇಕ್ಕಳ ಹೋಯಿತು. ಮಣಿಕಟ್ಟು ತಿರುಗಿತು, ಸೂಜಿ ಹೋಯಿತು. ಒಂದೂ ಮಾತಿಲ್ಲ. ಇಬ್ಬರೂ ಹಳೆಯ ಮನೆಗೆ ವಾಪಸಾಗಿದ್ದರು. “ತೊಂಬತ್ತು,” ಎಂದರು ಡಾಕ್ಟರಮ್ಮ, “ನೂರಾ ಐದು.” ಬಟ್ಟೆ ಇಪ್ಪತ್ತೆರಡು ಒಳಗೆ ಹೋಗಿದ್ದವು. ಅವಳು ಐದು ಸಲ ಎಣಿಸಿದಳು.

“ಲೆಕ್ಕ ಸರಿ ಇದೆ ಸರ್.”

ಇನ್ನು ಎಲ್ಲ ಸುಖವಾಯಿತು ಎಂದರೆ ಸುಳ್ಳಾಗುತ್ತದೆ. ಸಭಾಂಗಣದಿಂದ ಇಳಿದು ಬಂದವರಲ್ಲಿ ಅರ್ಧ ಜನ ಸರಿಯಾದ ಹೊತ್ತಿಗೆ ತೆರೆದರು ಎಂದರು. ಇನ್ನರ್ಧ ಜನ, ಇನ್ನೊಂದು ಸ್ವಲ್ಪ ತಾಳ್ಮೆ ಇದ್ದಿದ್ದರೆ ತೂತಿನಲ್ಲೇ ಆಗುತ್ತಿತ್ತು ಎಂದರು. ಯಾರದು ನಿಜವೋ ಯಾರು ಬಲ್ಲರು? ಚಾಕು ಕೊಡದ ಆ ಇನ್ನೊಂದು ದಿನವನ್ನು ಯಾರೂ ನೋಡಿಲ್ಲ. ಸಿಸ್ಟರಿನ ಕಿವಿಗೆ ಬಿದ್ದದ್ದು ಎರಡನೆಯದು ಮಾತ್ರ. ಚಹಾ ಕೋಣೆಯಲ್ಲಿ ಸಣ್ಣ ಡಾಕ್ಟರು ಕೆಂಪು ಪೆನ್ನು ಹಿಡಿದು ಮುಂದೆ ಹಿಂದೆ ನೋಡುತ್ತಿದ್ದಾಗ ದೊಡ್ಡ ಡಾಕ್ಟರೇ ಕಸಿದುಕೊಂಡು ಚುಕ್ಕೆ ಇಟ್ಟರಂತೆ. ಇಟ್ಟವರು ಶಿಕ್ಷಕಿಯ ಹಸಿರು ಚುಕ್ಕೆಯ ಪಕ್ಕದಲ್ಲಿ ‘೩೧ ದಿನ’ ಎಂದು ಬರೆದು ಹೊರಟುಹೋದರಂತೆ. ಅವಳಿಗೆ ಇದನ್ನು ಹೇಳಿದವಳು ಚಹಾ ಕೊಡುವ ಹೆಂಗಸು. ಡಾಕ್ಟರು ಮಾತ್ರ ಅವಳ ಹತ್ತಿರ ಚಕಾರವೆತ್ತಲಿಲ್ಲ. ಆ ಮೌನಕ್ಕೆ ಅವಳು ತನಗೆ ತಿಳಿದಂತೆ ಅರ್ಥ ಮಾಡಿಕೊಂಡಳು. ವರ್ಗಾವಣೆಯ ಚೀಟಿ ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದಳು.

ದರ್ಜಿಗೆ ಮೂರನೇ ದಿನ ಜ್ವರ ಬಂತು. ಹೊಟ್ಟೆಗೆ ಹಾಕಿದ್ದ ನಳಿಕೆಯಲ್ಲಿ ರಸ ಸೋರತೊಡಗಿತು. ಸಿಸ್ಟರ್ ಕೆಲಸ ಮುಗಿದ ಮೇಲೆ ವಾರ್ಡಿನ ಬಾಗಿಲವರೆಗೆ ಹೋಗಿ, ಒಳಗೆ ಕಾಲಿಡಲಾಗದೆ, ಅಲ್ಲಿಯ ಸಿಸ್ಟರನ್ನು ಕೇಳಿ ವಾಪಸಾಗುತ್ತಿದ್ದಳು. ನಳಿಕೆಯಲ್ಲಿ ಬಂದ ರಸ ನೂರು ಎಂಎಲ್ ಅಂದರೆ ಅವಳ ಮುಖ ಕಪ್ಪಿಡುತ್ತಿತ್ತು, ಅರವತ್ತು ಅಂದರೆ ಉಸಿರು ಬರುತ್ತಿತ್ತು. ಬಾಗಿಲ ಗಾಜಿನಲ್ಲಿ ದರ್ಜಿಯ ಹೆಂಡತಿ ಗಂಡನ ಕಾಲು ಒತ್ತುತ್ತ ಕೂತಿರುವುದು ಕಾಣುತ್ತಿತ್ತು. ಆ ಹೆಂಗಸು ಒಮ್ಮೆ ಇವಳತ್ತ ತಿರುಗಿದಾಗ, ಇಷ್ಟು ವಯಸ್ಸಿನ ಸಿಸ್ಟರ್ ಕಂಬದ ಮರೆಗೆ ಸರಿದು ನಿಂತಳು. ಹನ್ನೊಂದನೇ ದಿನ ನಳಿಕೆ ಒಣಗಿತು. ಹದಿನಾಲ್ಕನೇ ದಿನ ಅವನು ಮನೆಗೆ ಹೋದ.

ಎರಡು ತಿಂಗಳ ಮೇಲೆ ಬಟ್ಟೆ ಒಗೆಯುವ ಕೋಣೆಯ ಹಿಂದಿನಿಂದ ಹೊಲಿಗೆ ಯಂತ್ರದ ಸದ್ದು ಕೇಳಿತು. ಹೋಗದಿದ್ದರೆ ಜೀವಮಾನವಿಡೀ ಮುಖ ತಪ್ಪಿಸಿಕೊಂಡು ತಿರುಗಬೇಕು. ಅವಳು ಹೋದಳು. ದರ್ಜಿ ಸೊರಗಿದ್ದ. ಹೊಟ್ಟೆಗೆ ದಿಂಬು ಒತ್ತಿಕೊಂಡು ಹೊಲಿಯುತ್ತಿದ್ದ. ಅವಳನ್ನು ಕಂಡು ಕಾಲು ನಿಲ್ಲಿಸಿದ.

“ಬನ್ನಿ ಸಿಸ್ಟರಮ್ಮ. ನನ್ನ ಹೊಟ್ಟೆ ನೋಡಿದ್ರಾ? ಎಲ್ಲಾ ಚೆನ್ನಾಗಿ ಮಾಡಿದ್ದಾರೆ, ಕೊನೇಲಿ ಹೊಲಿಗೆ ಮಾತ್ರ ಓರೆ. ನನ್ನ ಹತ್ರ ಬಿಟ್ಟಿದ್ರೆ ನೆಟ್ಟಗೆ ಹಾಕ್ತಿದ್ದೆ.”

ಅವಳಿಗೆ ನಗಲಾಗಲಿಲ್ಲ. “ಮಾಸ್ಟ್ರೇ, ಸಣ್ಣದು ಅಂತ ಹೇಳಿದ್ದೂ ನಾನೇ. ಚಾಕು ಕೊಟ್ಟಿದ್ದೂ ನಾನೇ. ಸರ್ ಕೇಳಿರಲಿಲ್ಲ. ಅಂದ್ರೆ, ಆವಾಗ ಕೇಳಿರಲಿಲ್ಲ. ನನಗೆ ಭಯ ಆಯ್ತು, ಕೊಟ್ಟುಬಿಟ್ಟೆ. ಬೇಕಿತ್ತೋ ಇಲ್ವೋ ಇವತ್ತಿಗೂ ಗೊತ್ತಿಲ್ಲ.” ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿತ್ತು.

ದರ್ಜಿ ಕತ್ತರಿಯನ್ನು ಪಕ್ಕಕ್ಕಿಟ್ಟ.

“ಗೊತ್ತು. ಸರ್ ಬಂದು ಮಂಚದ ಹತ್ರ ಕೂತು ಎಲ್ಲಾ ಹೇಳಿದ್ರು. ನಾನು ಒಂದೇ ಕೇಳಿದೆ, ಸಿಸ್ಟರಮ್ಮನ ಕೈ ನಡುಗ್ತಿತ್ತಾ ಅಂತ.”

“ಏನಂದ್ರು?”

“ಎಲೆ ಹಾಗೆ ನಡುಗ್ತಿತ್ತು ಅಂದ್ರು. ಹಂಗಾದ್ರೆ ಸುಮ್ನೆ ಕೊಟ್ಟಿರಲ್ಲ ಬಿಡಿ ಸರ್, ಅಂದೆ.” ಅವನು ಬಗ್ಗಲಾಗದೆ ಕಾಲಿನಿಂದಲೇ ಬುಟ್ಟಿ ಎಳೆದು, ಅದರಿಂದ ಅಂಗೈಯಗಲದ ಹಸಿರು ಬಟ್ಟೆಯೊಂದನ್ನು ಎತ್ತಿದ. ನಾಲ್ಕೂ ಅಂಚಿಗೆ ಎರಡೆರಡು ಸಾಲು ಹೊಲಿಗೆ, ಒಂದು ಮೂಲೆಯಲ್ಲಿ ಬೆರಳಿಗೆ ಸಿಗುವ ಹಾಗೆ ದಪ್ಪ ಗಂಟು. “ಚಾಕು ಮುಚ್ಚೋದಕ್ಕೆ. ಸರ್ ಹೇಳಿ ಮಾಡಿಸಿದ್ದು. ಇನ್ಮೇಲೆ ಪ್ರತಿ ಆಪರೇಷನ್ನಿಗೂ ಇದು ಇರ್ಬೇಕಂತೆ. ಆವತ್ತು ನೀವು ಹುಡುಕೋದ್ರಲ್ಲಿ ಒಂದು ಗಳಿಗೆ ಹೋಯ್ತಂತೆ, ಅದಕ್ಕೆ ಗಂಟು.”

ಅವಳು ಬಟ್ಟೆಯನ್ನು ತೆಗೆದುಕೊಂಡಳು. ಹಾಗಾದರೆ ವರ್ಗಾವಣೆಯಿಲ್ಲ. ಹಾಗಾದರೆ ಮತ್ತೊಮ್ಮೆ, ಇನ್ನೊಬ್ಬರ ಹೊಟ್ಟೆಯ ಪಕ್ಕ, ಇನ್ನೆಷ್ಟು ಸಲ. ಇಷ್ಟು ವರ್ಷ ಗುಟ್ಟಾಗಿ ಹೆದರುತ್ತಿದ್ದಳು, ಇನ್ನು ಅದೇ ಅವಳ ಕೆಲಸ.

“ಎಷ್ಟು ಹೊಲಿದಿದ್ದೀರಿ ಮಾಸ್ಟ್ರೇ?”

“ಆರು.”

ಅವಳು ಬುಟ್ಟಿಯ ಪಕ್ಕ ಕೂತು ಎಣಿಸಿದಳು. ಆರು ಇತ್ತು. ಮತ್ತೊಮ್ಮೆ ಎಣಿಸಿದಳು.